ಇರ್ಲಿ ಅಂತ ತುಂಬಿದ ಚೀಲಗಳು

ನನ್ನ ಮೊಮ್ಮಗಳು ಚೈತ್ರ ಯಾತ್ರೆಯ ಗಾಡಿ ಹೊರಡಿಸಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳದೆ ಇಟ್ಟುಕೊಂಡರೆ ಬೇರೆ ಯಾವ ಮಾತೂ ಹೊರಗೆ ಬರುವುದಿಲ್ಲ. ಹದಿನೇಳು ಸೀಟಿನ ಬಿಳಿ ಗಾಡಿ. ಮುಂದಿನ ಗಾಜಿಗೆ ಅರಿಸಿನ ಕುಂಕುಮ ಇಟ್ಟವಳು ನಾನೇ. ಅರಕಲಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರಿಗೂ ಈ ಸುದ್ದಿ ಹೇಳಿದ್ದೇನೆ. ಒಬ್ಬ ಆಟೋದವನು, "ಅಜ್ಜೀ, ಬೆಳಿಗ್ಗೆನೂ ಇದ್ನೇ ಏಳುದ್ರಲ್ಲ" ಅಂದ. "ಮರ್ತಿರ್ತೀಯ ಅಂತ ಇನ್ನೊಂದ್ ಸಲ ಏಳ್ದೆ ಕಣಪ್ಪ" ಅಂದೆ.

ಚೈತ್ರ ಜನರನ್ನು ಕರೆದುಕೊಂಡು ಹೋಗುವುದಷ್ಟೇ ಅಲ್ಲ, ದಾರಿಯಲ್ಲಿ ಅಡುಗೆ ಮಾಡಿ ಹಾಕುತ್ತಾಳೆ. ಅದು ನನ್ನ ಕೆಲಸವಾಗಿತ್ತು. ಹೊಳೆನರಸೀಪುರದ ಒಬ್ಬ ಓನರ್ ಹತ್ತಿರ ಮೂವತ್ತೊಂದು ವರ್ಷ ಯಾತ್ರೆ ಬಸ್ಸಿನ ಅಡುಗೆಯವಳಾಗಿದ್ದೆ. ಮಂಡಿ ಕೈಕೊಟ್ಟ ಮೇಲೆ ಬಿಟ್ಟೆ. "ನಿಂಗೆ ಗೊತ್ತಿರದ್ನೆಲ್ಲ ಬರ್ದಿಡಜ್ಜಿ, ನನ್ ಜೊತೆ ಕೆಲ್ಸಕ್ಕೆ ಬರೋ ಉಡ್ಗೀರು ಓದ್ಕಳ್ಳಿ" ಅಂತ ಚೈತ್ರ ಒಂದು ನೋಟ್‌ಬುಕ್ ಕೊಟ್ಟಳು. ನಾನು ಓದಿದ್ದು ಮಲ್ಲಿಪಟ್ಟಣದ ಶಾಲೆಯಲ್ಲಿ ಮೂರನೇ ಕ್ಲಾಸು. ಒತ್ತಕ್ಷರಕ್ಕೂ ನನಗೂ ಅಷ್ಟಕ್ಕಷ್ಟೆ. ನಾನು ಬರೆದದ್ದನ್ನು ಅವಳು ತಿದ್ದಿ ನೆಟ್ಟಗೆ ಮಾಡಿದ್ದಾಳೆ. ತಿದ್ದುವಾಗ ಬೈಗುಳಗಳನ್ನೂ ತೆಗೆದಿದ್ದಾಳೆ. ಈಗ ನೀವು ಓದುತ್ತಿರುವುದು ಖಾರ ಕಡಿಮೆ ಮಾಡಿದ್ದು.

ಈ ಕೆಲಸಕ್ಕೆ ಬರುವ ಹುಡುಗಿಯರು ಅಡುಗೆ ಗೊತ್ತಿದ್ದರೆ ಆಯಿತು ಅಂದುಕೊಂಡಿರುತ್ತಾರೆ. ಅಡುಗೆ ಯಾರು ಬೇಕಾದರೂ ಮಾಡುತ್ತಾರೆ. ಕಷ್ಟ ಇರುವುದು ಸಾಮಾನು ತುಂಬುವುದರಲ್ಲಿ. ನಲವತ್ತು ಜನ, ಹದಿನೈದು ದಿನ, ಬಸ್ಸಿನ ಹಿಂದೆ ಒಂದು ಡಿಕ್ಕಿ. ಒಲೆ, ಪಾತ್ರೆ, ಅಕ್ಕಿ, ರಾಗಿಹಿಟ್ಟು, ಬೇಳೆ ಎಲ್ಲ ಅಲ್ಲೇ ಹೋಗಬೇಕು, ಜನರ ಬ್ಯಾಗುಗಳೂ ಅಲ್ಲೇ ಹೋಗಬೇಕು. ಬ್ಯಾಗು ಹೆಚ್ಚಾದರೆ ಅಕ್ಕಿ ಮೂಟೆ ಡಿಕ್ಕಿಯಿಂದ ಮೇಲೆ ಬರುತ್ತದೆ. ಬಂದು ಎಲ್ಲಿ ಕೂರುತ್ತದೆ? ಅಡುಗೆಯವಳ ಸೀಟಿನಲ್ಲಿ. ಮೂವತ್ತೊಂದು ವರ್ಷ ನನ್ನ ಸೀಟಿನಲ್ಲಿ ಅಕ್ಕಿ ಮೂಟೆ ಹಾಯಾಗಿ ಪ್ರಯಾಣ ಮಾಡಿತು. ನಾನು ಅದರ ಮೇಲೆ, ಇಲ್ಲವೇ ಇಂಜಿನ್ ಪಕ್ಕ, ಇಲ್ಲವೇ ಬಾಗಿಲ ಮೆಟ್ಟಿಲ ಮೇಲೆ. ಬಸ್ಸು ನಿಂತ ಕೂಡಲೇ ಜನ ದರ್ಶನಕ್ಕೆ ಓಡುತ್ತಾರೆ, ಅಡುಗೆಯವಳು ಒಲೆ ಹಚ್ಚುತ್ತಾಳೆ. ಅವರು ಬರುವ ಹೊತ್ತಿಗೆ ಊಟ, ಊಟ ಆದ ಕೂಡಲೇ ಪಾತ್ರೆ, ಪಾತ್ರೆ ಆದ ಕೂಡಲೇ ಮುಂದಿನ ಊರು. ಕಾಶಿಗೆ ಹದಿನಾಲ್ಕು ಸಲ ಹೋಗಿದ್ದೇನೆ. ಅಲ್ಲಿಯ ಬದನೆಕಾಯಿ ಹೇಗಿರುತ್ತದೆ ಅಂತ ಕೇಳಿ, ಹೇಳುತ್ತೇನೆ. ದೇವರು ಹೇಗಿದ್ದಾನೆ ಅಂತ ಮಾತ್ರ ಕೇಳಬೇಡಿ.

ಇದು ಚೈತ್ರಳಿಗೆ ಗೊತ್ತು. ಅದಕ್ಕೇ ಹೇಳಿದಳು: "ಮೊದ್ಲನೇ ಟ್ರಿಪ್ಪಿಗೆ ನೀನು ಪ್ಯಾಸೆಂಜರ್ ಕಣಜ್ಜಿ. ಕಂಚಿ, ಮಧುರೆ, ರಾಮೇಶ್ವರ. ನಿಂಗೂ ಒಂದ್ ಸೀಟು. ಸೌಟು ಮುಟ್ಟಂಗಿಲ್ಲ."

ಸಂತೋಷದಲ್ಲಿ ಎರಡು ದಿನ ನನಗೆ ಊಟವೇ ಸೇರಲಿಲ್ಲ. ಆದರೂ ಆ ಸೀಟಿನ ಮೇಲೆ ನನಗೆ ನಂಬಿಕೆ ಇರಲಿಲ್ಲ. ಮೊಮ್ಮಗಳು ಮಾತು ಕೊಟ್ಟಿದ್ದಳು, ಸರಿ. ಬ್ಯಾಗುಗಳು ಕೊಟ್ಟಿರಲಿಲ್ಲವಲ್ಲ.

ಬ್ಯಾಗು ಹೇಗೆ ಊದಿಕೊಳ್ಳುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ನಮ್ಮ ಸೀಮೆಯವರ ಬಾಯಲ್ಲಿ ಒಂದು ಮಾತಿದೆ: ಇರ್ಲಿ. ಗಂಡ ಕೇಳುತ್ತಾನೆ, "ಸ್ವೆಟರ್ ಮಡಗ್ಲಾ?" ಹೆಂಡತಿ ಹೇಳುತ್ತಾಳೆ, "ಈ ಬಿಸ್ಲಲ್ಲಿ ಸ್ವೆಟರ್ ಯಾಕೆ, ಬ್ಯಾಡ." ಅವನು ತೆಗೆದಿಡುತ್ತಾನೆ. ಅವಳು ಅದನ್ನೇ ಇನ್ನೊಂದು ಸಲ ನೋಡಿ, "ಇರ್ಲಿ" ಅನ್ನುತ್ತಾಳೆ. ಸ್ವೆಟರ್ ಒಳಗೆ ಹೋಯಿತು. ಬೇಡ ಅಂತ ಗೊತ್ತಿದ್ದೂ ಒಳಗೆ ಹಾಕುವ ಸಾಮಾನಿಗೆ ಬೇರೆ ಹೆಸರಿಲ್ಲ. ನಾನು ಅದಕ್ಕೆ ಇರ್ಲಿ ಅಂತಲೇ ಹೆಸರಿಟ್ಟೆ. "ಇವತ್ತು ಎಷ್ಟು ಇರ್ಲಿ ಬಂದೈತೆ ಸಾಕಮ್ಮ?" ಅಂತ ಡ್ರೈವರ್ ಕೇಳುತ್ತಿದ್ದ. "ಬ್ಯಾಗು ಹತ್ತು, ಇರ್ಲಿ ಇಪ್ಪತ್ತು" ಅನ್ನುತ್ತಿದ್ದೆ.

ನನ್ನ ಹೆಸರು ಸಾಕಮ್ಮ. ಐದನೆಯ ಹೆಣ್ಣು ಹುಟ್ಟಿದಾಗ ನಮ್ಮಪ್ಪ ಇನ್ನು ಹೆಣ್ಣು ಸಾಕು ಅಂತ ದೇವರಿಗೆ ಗೊತ್ತಾಗಲಿ ಎಂದು ಇಟ್ಟ ಹೆಸರು. ದೇವರು ಕೇಳಲಿಲ್ಲ, ನನ್ನ ಹಿಂದೆ ಇನ್ನೂ ಇಬ್ಬರು ಹೆಣ್ಣು ಹುಟ್ಟಿದರು. ಡಿಕ್ಕಿಯ ಮುಂದೆ ನಿಂತು "ಸಾಕು, ಸಾಕು" ಅಂತ ಜನರ ಮೇಲೆ ಕೂಗುವಾಗ ಮಾತ್ರ ಆ ಹೆಸರು ಕೆಲಸಕ್ಕೆ ಬಂತು.

ನಮ್ಮ ಮಲ್ಲಿಪಟ್ಟಣದ ಕಡೆಯವರೇ ಒಬ್ಬ ಗೌಡರು, ಕಾಶಿ ಯಾತ್ರೆಗೆ ಅರ್ಧ ಮೂಟೆ ಹಸಿಶುಂಠಿ ಹೊತ್ತುಕೊಂಡು ಬಂದರು. ನಾನು ಡಿಕ್ಕಿಗೆ ಅಡ್ಡ ನಿಂತೆ.

"ಏನಣ್ಣ ಇದು?"

"ಸ್ಯಾಂಪಲ್ಲು ಕಣವ್ವ. ಅಲ್ಲಿ ಮಾರ್ಕೆಟ್ನಲ್ಲಿ ಏನ್ ರೇಟು ಅಂತ ಕೇಳ್ಕಂಡ್ ಬರಾಣ ಅಂತ."

"ಸ್ಯಾಂಪಲ್ಲು ಅಂದ್ರೆ ಒಂದ್ ಗೆಡ್ಡೆ. ಇದು ಅರ್ಧ ಮೂಟೆ."

"ಒಂದ್ ಗೆಡ್ಡೆ ಇಡ್ಕಂಡೋದ್ರೆ ಅವ್ರು ನಮ್ನ ಏನಂತ ತಿಳ್ಕಂಡಾರು? ಇರ್ಲಿ ಮಡಗು."

ಆ ಶುಂಠಿ ಹದಿನೈದು ದಿನ ಪುಣ್ಯಕ್ಷೇತ್ರಗಳನ್ನೆಲ್ಲ ಸುತ್ತಿತು. ನನಗಿಂತ ಒಳ್ಳೆಯ ಜಾಗದಲ್ಲಿ ಕೂತು ಸುತ್ತಿತು. ಗೌಡರು ರೇಟು ಕೇಳಲೂ ಇಲ್ಲ, ಹಿಂದಿ ಬರಬೇಕಲ್ಲ. ವಾಪಸ್ ಬರುವ ಹೊತ್ತಿಗೆ ಅರ್ಧ ಕೊಳೆತು, ಇನ್ನರ್ಧ ಮೊಳಕೆ ಒಡೆದಿತ್ತು. ಮೊಳಕೆಯದನ್ನು ಹೊಲಕ್ಕೆ ಹಾಕಿದರು. ಮುಂದಿನ ಬೆಳೆಗೆ "ಇದು ಕಾಶಿ ಶುಂಠಿ ಕಣ್ರಯ್ಯ" ಅಂತ ಊರೆಲ್ಲ ಹೇಳಿಕೊಂಡು ತಿರುಗಿದರು. ನಾನು ಕಣ್ಣಾರೆ ಕಂಡಿದ್ದೆ, ಬಾಯಿ ಮುಚ್ಚಿಕೊಂಡಿದ್ದೆ.

ಅದೇ ಬಸ್ಸಿನಲ್ಲಿ ಮಾತು ಬಿಟ್ಟ ಗಂಡ ಹೆಂಡತಿ ಇದ್ದರು. ಪುಣ್ಯ ಸಂಪಾದನೆಗೆ ಜೊತೆಯಲ್ಲಿ ಬಂದಿದ್ದರು, ಸೋಪು ಮಾತ್ರ ಬೇರೆ ಬೇರೆ. ಎರಡು ಬಾಚಣಿಗೆ, ಎರಡು ಎಣ್ಣೆ ಸೀಸೆ, ಎರಡು ಬಕೆಟ್ಟು. ಬಕೆಟ್ ನೋಡಿ ನನ್ನ ಪಿತ್ತ ಕೆದರಿತು. "ಜಗಳಾನ ಮನೇಲಿ ಬುಟ್ ಬರಕ್ಕಾಗ್ಲಿಲ್ವಾ? ಬಕೆಟ್ ಸಮೇತ ತಂದಿದೀರಲ್ಲ!" ಅಂದೆ. ಹೆಂಡತಿ, "ಅವ್ರಿಗೆ ಏಳಿ" ಅಂದಳು. ಗಂಡ, "ಅವ್ಳಿಗೇ ಏಳಿ" ಅಂದ. ಬರುವಾಗ ಒಂದೇ ಬಕೆಟ್ ಇತ್ತು. ಇನ್ನೊಂದು ಎಲ್ಲಿ ಹೋಯಿತು ಅಂತ ನಾನು ಕೇಳಲಿಲ್ಲ, ಅವರು ಒಂದೇ ಎಲೆಅಡಿಕೆ ಚೀಲಕ್ಕೆ ಕೈ ಹಾಕುತ್ತಿದ್ದರು.

ಹಗುರವಾಗಿ ಸಾಮಾನು ಕಟ್ಟುವುದನ್ನು ನನಗೆ ಕಲಿಸಿದವರು ಹೊಳೆನರಸೀಪುರದ ದೇವಸ್ಥಾನದ ಬೀದಿಯ ಶೇಷಮ್ಮನವರು. ಅವರೂ ಆ ಸಲವೇ ಬಂದಿದ್ದರು. ಎಪ್ಪತ್ತು ದಾಟಿದ ಹೆಂಗಸು, ಬಗಲಲ್ಲಿ ಒಂದು ಕೈಚೀಲ.

"ಲಗೇಜ್ ಎಲ್ಲಮ್ಮ?" ಅಂದೆ.

"ಇದೇ ಕಣೇ."

"ಇದು ಕೈಚೀಲ ಅಲ್ವಾ?"

"ಕೈಗೆ ಆಗೋವಷ್ಟೇ ನನ್ನ ಲಗೇಜು. ಅದಕ್ಕಿಂತ ಜಾಸ್ತಿ ಆದ್ರೆ ಅದು ಕೂಲಿಯವನ ಲಗೇಜು."

ಒಳಗೆ ಒಂದು ಸೀರೆ, ಒಂದು ಚೊಂಬು, ಒಂದು ಡಬ್ಬಿ ಅವಲಕ್ಕಿ. ಮೈಮೇಲೆ ಇನ್ನೊಂದು ಸೀರೆ. ಉಟ್ಟದ್ದನ್ನು ಒಗೆಯುವುದು, ಒಣಗಿದ್ದನ್ನು ಉಡುವುದು. ಹದಿನೈದು ದಿನ ಅಷ್ಟರಲ್ಲೇ ಮುಗಿಸಿದರು. ಅವರು ನನ್ನ ಅಡುಗೆ ಮುಟ್ಟುತ್ತಿರಲಿಲ್ಲ, ಅದು ನನಗೆ ಹೊಟ್ಟೆಯುರಿ. ನಲವತ್ತು ಜನ ತಿಂದು ಬೆರಳು ನೆಕ್ಕುವ ಅನ್ನದಲ್ಲಿ ಇವರಿಗೆ ಮಾತ್ರ ಏನು ಕಾಣುತ್ತದೋ ಅಂತ. ಆದರೆ ಆ ಕೈಚೀಲ ನೋಡಿದಾಗ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು ಅನ್ನಿಸುತ್ತಿತ್ತು. ಮುಟ್ಟುವ ಹಾಗಿರಲಿಲ್ಲ, ಮಡಿ.

ಎಡವಟ್ಟು ಇದ್ದದ್ದು ಆ ಮಡಿಯಲ್ಲೇ. ಒಗೆದ ಸೀರೆ ಒಣಗುವ ತನಕ ಯಾರೂ ಸೋಕಬಾರದು. ಬಸ್ಸು ಓಡುತ್ತಿರುವಾಗ ಎಲ್ಲಿ ಒಣಗಿಸುತ್ತಾರೆ? ಈ ಕಿಟಕಿಯಿಂದ ಆ ಕಿಟಕಿಗೆ ಹಗ್ಗ ಕಟ್ಟಿ, ಬಸ್ಸಿನ ನಟ್ಟನಡುವೆ ಹರವಿದರು. ಹಿಂದಿನ ಸೀಟಿನವರೆಲ್ಲ ಸೊಂಟ ಬಗ್ಗಿಸಿ, ತಲೆ ತಗ್ಗಿಸಿ, ಆ ಸೀರೆಗೆ ದಿನಕ್ಕೆ ಹತ್ತು ಸಲ ಅಡ್ಡಬೀಳುತ್ತಾ ಓಡಾಡಿದರು. ಶುಂಠಿ ಗೌಡರು ಒಂದು ಸಲ ಪೇಟ ತಗುಲಿಸಿಬಿಟ್ಟರು. "ಅಯ್ಯೋ, ಹೋಯ್ತು!" ಅಂದರು ಶೇಷಮ್ಮನವರು. ಏನು ಹೋಯಿತೋ ಅಂತ ಡ್ರೈವರ್ ಗಾಬರಿಯಾಗಿ ಬ್ರೇಕ್ ಹಾಕಿದ. ನಲ್ಲಿ ಕಂಡ ಕಡೆ ಬಸ್ಸು ನಿಲ್ಲಿಸಿ ಸೀರೆ ಮತ್ತೆ ಒಗೆದದ್ದಾಯಿತು. ಇಡೀ ಬಸ್ಸಿನಲ್ಲಿ ಹಗುರವಾದ ಲಗೇಜು ಅವರದು. ಅತಿ ಹೆಚ್ಚು ಜಾಗ ಹಿಡಿದದ್ದೂ ಅವರದೇ. ಎರಡು ಸೀರೆಯ ವಿದ್ಯೆಯನ್ನು ನಾನು ಅವರಿಂದ ತೆಗೆದುಕೊಂಡೆ, ಹಗ್ಗವನ್ನು ಅವರಿಗೇ ಬಿಟ್ಟೆ.

ಮೇಲಿನವರ ವಿಷಯ ಹೇಳದಿದ್ದರೆ ಕೆಲಸದ ವಿಷಯ ಹೇಳಿದಂತಾಗುವುದಿಲ್ಲ. ಓನರ್ ಒಳ್ಳೆಯವರೇ, ಕಣ್ಣಿಗೆ ಕಾಣಿಸುವಷ್ಟು ಮಾತ್ರ. "ಸಾ, ಕೂರಾಕೆ ಜಾಗ ಇಲ್ಲ" ಅಂದರೆ, "ನೀನ್ ನಿಂತ್ಕಂಡ್ ಬಂದ್ರೂ ನಿನ್ನ ಬೇಳೆ ಉಳಿ ರುಚಿಯಾಗೇ ಇರ್ತದೆ ಸಾಕಮ್ಮ" ಅನ್ನುತ್ತಿದ್ದರು. ನಾನು ಹುಚ್ಚಿ, ಅದನ್ನು ಹೊಗಳಿಕೆ ಅಂತ ವರ್ಷಗಟ್ಟಲೆ ನಂಬಿದ್ದೆ.

ಅವರು ಹಾಸನದಿಂದ ಒಬ್ಬ ಮ್ಯಾನೇಜರನ್ನು ತಂದರು. ಇಸ್ತ್ರಿ ಮಾಡಿದ ಶರಟು, ಜೇಬಿನಲ್ಲಿ ಎರಡು ಪೆನ್ನು. ಲಗೇಜಿನ ಗಲಾಟೆಯನ್ನು ಒಂದೇ ಏಟಿಗೆ ಮುಗಿಸುತ್ತೇನೆ ಅಂದ. ತಲೆಗೆ ಒಂದೇ ಬ್ಯಾಗು ಅಂತ ಕಾಗದದಲ್ಲಿ ಅಚ್ಚು ಹಾಕಿಸಿ ಹಂಚಿದ. ಜನ ತುಂಬಾ ವಿಧೇಯರು. ಒಂದೇ ಬ್ಯಾಗು ತಂದರು. ಚನ್ನರಾಯಪಟ್ಟಣದ ಒಂದು ಮನೆಯವರು ಹಾಸಿಗೆಯ ಕವರಿಗೆ ಜಿಪ್ ಹೊಲಿಸಿ ಅದರಲ್ಲಿ ಇಡೀ ಮನೆ ತುಂಬಿಕೊಂಡು ಬಂದರು. ಎತ್ತುವುದಕ್ಕೆ ನಾಲ್ಕು ಜನ ಬೇಕಾಯಿತು. ಮ್ಯಾನೇಜರ್ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದ.

"ಒಂದೇ ಅಲ್ವೇನಮ್ಮ?"

"ಒಂದೇ ಸಾ" ಅಂದೆ ನಾನು. "ಆನೆನೂ ಒಂದೇ."

ಮುಂದಿನ ಸಲ ತೂಕದ ರೂಲ್ಸು ಬಂತು. ಅಕ್ಕಿ ಮಂಡಿಯಿಂದ ತಕ್ಕಡಿ ತರಿಸಿದ. ಈ ಸಲ ಬ್ಯಾಗುಗಳು ಹೂವಿನ ಹಾಗೆ ಹಗುರ, ಮ್ಯಾನೇಜರ್ ಮುಖ ಹೂವಿನ ಹಾಗೆ ಅರಳಿತು. ಜನರನ್ನು ನೋಡಿದರೆ ಎಲ್ಲರೂ ಗುಂಡಗುಂಡಗೆ ಇದ್ದಾರೆ! ಗಂಡಸರು ಮೂರು ಮೂರು ಶರಟು ತೊಟ್ಟು ಮೇಲೆ ಕೋಟು ಹಾಕಿದ್ದರು. ಹೆಂಗಸರು ಸೀರೆಯ ಮೇಲೆ ಸೀರೆ ಸುತ್ತಿ ಮೆಟ್ಟಿಲು ಹತ್ತಲಾರದೆ ಒದ್ದಾಡುತ್ತಿದ್ದರು. ಬಸ್ಸು ಊರು ದಾಟಿದ ಮೇಲೆ ಒಬ್ಬೊಬ್ಬರೂ ಸಿಪ್ಪೆ ಸುಲಿದ ಈರುಳ್ಳಿಯ ಹಾಗೆ ಸಣ್ಣಗಾಗುತ್ತಾ ಹೋದರು. ಬಿಚ್ಚಿದ್ದೆಲ್ಲ ಎಲ್ಲಿಗೆ ಬಂತು? ನನ್ನ ಸೀಟಿಗೆ.

ಬೇರೆಯವರದ್ದಾಯಿತು, ನನ್ನ ತಪ್ಪನ್ನೂ ಬರೆಯಬೇಕು. ಬರೆಯಲೇಬೇಕು ಅಂತ ಚೈತ್ರ ಹಟ ಹಿಡಿದಿದ್ದಾಳೆ.

ಎರಡು ಸೀರೆಯ ವಿದ್ಯೆ ಬಂದ ಮೇಲೆ ನನಗೆ ಕೊಬ್ಬು ಬಂತು. ಅಡುಗೆ ಸಾಮಾನಿನಲ್ಲೂ ಒಂದೊಂದೇ ಕಡಿಮೆ ಮಾಡತೊಡಗಿದೆ. ಈಳಿಗೆಮಣೆ ಬೇಡ, ಚಾಕು ಸಾಕು. ಲಟ್ಟಣಿಗೆ ಬೇಡ, ಸೀಸೆ ಸಾಕು. ಒಂದು ಸಲ ಮುದ್ದೆಕೋಲನ್ನು ಕೈಗೆತ್ತಿಕೊಂಡೆ. ಉದ್ದ ಇತ್ತು, ಪೆಟ್ಟಿಗೆಗೆ ಹಿಡಿಯಲಿಲ್ಲ. ಅಡ್ಡಕ್ಕೆ ಇಟ್ಟೆ, ಓರೆಗೆ ಇಟ್ಟೆ, ಮುಚ್ಚಳ ಕೂರಲಿಲ್ಲ. ಕೋಲು ತಾನೆ, ದೇಶದಲ್ಲಿ ಕೋಲಿಗೆ ಬರವೇ ಅಂತ ಮನೆಯಲ್ಲೇ ಬಿಟ್ಟೆ.

ಮೂರು ದಿನ ಅನ್ನದಲ್ಲಿ ಕಳೆಯಿತು. ನಾಲ್ಕನೇ ದಿನ ನಮ್ಮ ಜನ ಜೋತುಬಿದ್ದರು. "ಇಟ್ಟು ಉಣ್ದೆ ಕೈಕಾಲೇ ಬಿದ್ದೋಗವೆ ಸಾಕಮ್ಮ" ಅಂತ ಗೋಳು. ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಹೆಸರು. ಅದಿಲ್ಲದಿದ್ದರೆ ಊಟ ಆಯಿತು ಅಂತ ಯಾರೂ ಒಪ್ಪುವುದಿಲ್ಲ. ಉತ್ತರದ ಕಡೆ ಯಾವುದೋ ಛತ್ರದ ಅಂಗಳದಲ್ಲಿ ಎಸರು ಇಟ್ಟೆ. ರಾಗಿಹಿಟ್ಟು ಹಾಕಿದೆ. ಕುದಿಯಿತು. ತಿರುವಬೇಕು ಅಂತ ಕೈ ಚಾಚಿದೆ, ಕೋಲಿಲ್ಲ. ಸೌಟು ಹಾಕಿದೆ, ಅದರ ಕತ್ತು ಬಗ್ಗಿತು. ಛತ್ರದವನಿಗೆ ಕೈಸನ್ನೆಯಲ್ಲಿ ಉದ್ದ ತೋರಿಸಿ, ತಿರುವುವ ಹಾಗೆ ಮಾಡಿದೆ. ಅವನು ಯಾರನ್ನೋ ಹೊಡೆಯುವುದಕ್ಕೆ ಕೇಳುತ್ತಿದ್ದಾಳೆ ಅಂತ ಎರಡು ಹೆಜ್ಜೆ ಹಿಂದೆ ಹೋದ. ತಳ ಹಿಡಿಯುವ ವಾಸನೆ ಬಂತು. ನಲವತ್ತು ಜನ ತಟ್ಟೆ ಹಿಡಿದು ಕೂತಿದ್ದಾರೆ.

ಕಂಬಕ್ಕೆ ಒರಗಿ ಅರಕಲಗೂಡಿನ ರಿಟೈರ್ ಆದ ಮೇಷ್ಟ್ರು ನಿದ್ದೆ ಮಾಡುತ್ತಿದ್ದರು. ಪಕ್ಕದಲ್ಲಿ ಅವರ ಊರುಗೋಲು. ಒಳ್ಳೆಯ ಮರದ್ದು, ನುಣುಪು, ನನ್ನ ಕೈಗೆ ಹೇಳಿ ಮಾಡಿಸಿದ ದಪ್ಪ. ನಾನು ಹಿಂದೆ ಮುಂದೆ ನೋಡಲಿಲ್ಲ. ತುದಿಯ ರಬ್ಬರು ಕಿತ್ತು, ಕುದಿಯುವ ನೀರಿನಲ್ಲಿ ಮೂರು ಸಲ ತೊಳೆದು, ಪಾತ್ರೆಗೆ ಇಳಿಸಿದೆ. ಗಂಟಿಲ್ಲದ ಮುದ್ದೆ ಆಯಿತು ನೋಡಿ. ನನ್ನ ಜನ್ಮದಲ್ಲಿ ಅಂಥ ಮುದ್ದೆ ಅದಕ್ಕೆ ಮುಂಚೆ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ಮೇಷ್ಟ್ರು ಎದ್ದು ಎರಡು ಮುದ್ದೆ ಉಂಡು, "ಭೇಷ್ ಸಾಕಮ್ಮ" ಅಂದರು. ಕೋಲು ಹಿಡಿದು ಏಳುವಾಗ ತುದಿ ನೋಡಿಕೊಂಡರು.

"ಇದೇನಮ್ಮ, ನನ್ನ ಕೋಲಿಗೆ ಹಿಟ್ಟು ಮೆತ್ಕೊಂಡಿದೆ?"

"ಪಾಪ ಅದೂ ನಾಕು ದಿನದಿಂದ ಉಪಾಸ ಇತ್ತು ಸಾ."

ಮೇಷ್ಟ್ರು ದೊಡ್ಡವರು, ಬಿದ್ದುಬಿದ್ದು ನಕ್ಕರು. ನಾನು ಕೋಲು ತೊಳೆದು ರಬ್ಬರು ಹಾಕಿಕೊಟ್ಟೆ. ಹೊಸ ಹುಡುಗಿಯರೇ, ಕೇಳಿಸಿಕೊಳ್ಳಿ. ಕಡಿಮೆ ಮಾಡುವುದು ಅಂದರೆ ಉದ್ದವಾದದ್ದನ್ನು, ದಪ್ಪವಾದದ್ದನ್ನು ಮನೆಯಲ್ಲಿ ಬಿಡುವುದಲ್ಲ. ಹೋದ ಊರಿನಲ್ಲಿ ಯಾವುದು ಸಿಗುವುದಿಲ್ಲವೋ ಅದನ್ನು ಮೊದಲು ಇಡಿ. ಸೋಪು ಎಲ್ಲ ಊರಿನಲ್ಲೂ ಸಿಗುತ್ತದೆ. ಮುದ್ದೆಕೋಲು ನಮ್ಮ ಸೀಮೆ ದಾಟಿದರೆ ಸಿಗುವುದಿಲ್ಲ. ಅದು ಪೆಟ್ಟಿಗೆಗೆ ಹಿಡಿಯದಿದ್ದರೆ ಡಿಕ್ಕಿಯ ನೆಲಕ್ಕೆ ಉದ್ದಕ್ಕೆ ಮಲಗಿಸಿ, ಮೇಲೆ ಏನು ಬೇಕಾದರೂ ಬೀಳಲಿ.

ಉಳಿದದ್ದು ಸುಲಭ. ಖಾಲಿ ಪಾತ್ರೆ ಅಂತ ಒಂದೂ ಇರಬಾರದು. ದೊಡ್ಡ ಪಾತ್ರೆಯೊಳಗೆ ಚಿಕ್ಕದು, ಚಿಕ್ಕದರೊಳಗೆ ಬೇಳೆ, ಬೇಳೆಯೊಳಗೆ ಖಾರದ ಪುಡಿಯ ಲೋಟ. ಕುಕ್ಕರ್‌ನಲ್ಲಿ ಒಗ್ಗರಣೆ ಸಾಮಾನು. ಬಟ್ಟೆ ಮಡಿಸಬೇಡಿ, ಸುರುಳಿ ಸುತ್ತಿ ಪಾತ್ರೆಗಳ ಸಂದಿಗೆ ತುರುಕಿ, ಪಾತ್ರೆಯೂ ಗಲಗಲ ಅನ್ನುವುದಿಲ್ಲ. ಹಿಂದೆ ಸೀಮೆಎಣ್ಣೆ ಡಬ್ಬ ಹೊತ್ತು ಸಾಯುತ್ತಿದ್ದೆವು, ಈಗ ಚಿಕ್ಕ ಗ್ಯಾಸ್ ಬಂದಿದೆ. ಆದರೆ ಜನರ ಕಡೆಯಿಂದ ಚಕ್ರದ ಪೆಟ್ಟಿಗೆ ಬಂದಿದೆ. ಅದರಷ್ಟು ಮೋಸದ್ದು ಬೇರೆ ಇಲ್ಲ. ಎಳೆಯುವುದಕ್ಕೆ ಹಗುರ ಅಂತ ಎರಡರಷ್ಟು ತುಂಬುತ್ತಾರೆ, ಎತ್ತುವಾಗ ಮಾತ್ರ "ಸಾಕಮ್ಮಾ" ಅನ್ನುತ್ತಾರೆ. ಅರ್ಧ ಪೆಟ್ಟಿಗೆ ಚಕ್ರವೂ ಹಿಡಿಯೂ ತಿಂದಿರುತ್ತದೆ. ಉಳಿದರ್ಧದಲ್ಲಿ ಚಾರ್ಜರಿನ ವೈರುಗಳು ಹಾವಿನ ಮರಿಗಳ ಹಾಗೆ ಹೆಣೆದುಕೊಂಡಿರುತ್ತವೆ.

ಇನ್ನು ಚೈತ್ರಳ ಗಾಡಿ. ಬೆಳಿಗ್ಗೆ ಆರಕ್ಕೆ ಅರಕಲಗೂಡಿನಿಂದ ಹೊರಟಿತು. ನನ್ನ ಮೊಮ್ಮಗಳು ಅಚ್ಚು ಹಾಕಿಸಲಿಲ್ಲ, ತಕ್ಕಡಿ ತರಲಿಲ್ಲ. ವಾರದ ಮೊದಲೇ ಎಲ್ಲರ ಮನೆಗೂ ಒಂದೇ ಅಳತೆಯ ಬಟ್ಟೆಯ ಚೀಲ ಕಳಿಸಿದ್ದಳು. "ಇದ್ರಲ್ಲಿ ಇಡುಸ್ದಷ್ಟೇ ತಗಬನ್ನಿ" ಅಂದಿದ್ದಳು, ಅಷ್ಟೆ. ಮೂವತ್ತೊಂದು ವರ್ಷ ಗಂಟಲು ಹರಿದುಕೊಂಡ ನನಗೆ ಇದು ಹೊಳೆದಿರಲಿಲ್ಲ. ಅರಕಲಗೂಡಿನವರು ಹತ್ತಿದರು, ಚೀಲಗಳು ಇಟ್ಟಿಗೆಯ ಹಾಗೆ ಸಾಲಾಗಿ ಕೂತವು. ನಾನು ಮುಂದಿನ ಸೀಟಿನಲ್ಲಿ, ಕಿಟಕಿಯ ಪಕ್ಕ. ಸೀಟಿಗೆ ಬೆನ್ನು ಒರಗಿಸುವುದಕ್ಕೇ ಭಯವಾಗಿ ತುದಿಯಲ್ಲಿ ಕೂತಿದ್ದೆ.

ಹೊಳೆನರಸೀಪುರದಲ್ಲಿ ಹತ್ತಿದವರು ಚೀಲದ ಜೊತೆ ಉಪ್ಪಿನಕಾಯಿ ಜಾಡಿ, ಕೋಡುಬಳೆ ಡಬ್ಬ ತಂದರು. ತೊಡೆಯ ಮೇಲೆ ಇಟ್ಟುಕೊಳ್ಳಿ ಅಂದಳು ಚೈತ್ರ, ಇಟ್ಟುಕೊಂಡರು. ಚನ್ನರಾಯಪಟ್ಟಣದ ಹೈವೇ ಪಕ್ಕದಲ್ಲಿ ಕೊನೆಯ ನಾಲ್ವರು ಕಾಯುತ್ತಿದ್ದರು. ಅವರಲ್ಲಿ ರತ್ನಕ್ಕ ಅಂತ ಒಬ್ಬಾಕೆ. ಗಂಡ ಬೈಕಿನಲ್ಲಿ ಬಿಡಲು ಬಂದಿದ್ದ. ಬೈಕಿನ ಹಿಂದೆ ಒಂದು ಮೂಟೆ ತೆಂಗಿನಕಾಯಿ.

"ಇದೇನಕ್ಕ?" ಅಂದಳು ಚೈತ್ರ.

"ಕಾಯಿ ಕಣವ್ವ. ದೇವಸ್ಥಾನಕ್ಕೆ ಬೇಕಲ್ಲ."

"ರಾಮೇಶ್ವರದಲ್ಲಿ ಕಾಯಿ ಸಿಗಲ್ವಾ?"

"ಸಿಗ್ತವೆ, ನಮ್ಮೂರ್ ಕಾಯಿ ಆಯ್ತವಾ ಅವು? ನಲವತ್ತೇ ಕಾಯಿ, ಇರ್ಲಿ."

ಚೈತ್ರ ಡಿಕ್ಕಿ ತೆಗೆದಳು. ಉಳಿದ ನಾಲ್ಕು ಚೀಲ ಹೋದವು. ಮೂಟೆ ಹೋಗಬೇಕಾದರೆ ಅಡುಗೆ ಪೆಟ್ಟಿಗೆ ಹೊರಗೆ ಬರಬೇಕು. ರತ್ನಕ್ಕನ ಗಂಡ ಬಾಗಿಲಿನಿಂದ ಬಗ್ಗಿ ನೋಡಿ ಸೀಟು ಎಣಿಸಿದ. ಅವನ ಕಣ್ಣು ನನ್ನ ಮೇಲೆ ನಿಂತಿತು.

"ಆ ಅಜ್ಜಿ ಯಾರು? ಅಡುಗೆಯವ್ರಾ? ಅವ್ರು ಇಂದ್ಗಡೆ ಎಲ್ಲಾದ್ರೂ ಅಡ್ಜಸ್ಟ್ ಮಾಡ್ಕಂತಾರೆ ಬುಡಿ. ಪೆಟ್ಗೆ ಆ ಸೀಟ್ಮೇಲೆ ಮಡಗಿ."

ನಾಚಿಕೆಯ ವಿಷಯ ಬರೆಯುತ್ತೇನೆ. ಅವನು ಮಾತು ಮುಗಿಸುವ ಮೊದಲೇ ನಾನು ಎದ್ದು ನಿಂತಿದ್ದೆ. ಯಾರೂ ಎಬ್ಬಿಸಲಿಲ್ಲ. ಕ್ಲಾಸಿಗೆ ಮೇಷ್ಟ್ರು ಬಂದರೆ ಮಕ್ಕಳು ಏಳುತ್ತಾರಲ್ಲ, ಹಾಗೆ, ಮೂಟೆ ಕಂಡರೆ ನನ್ನ ಕಾಲುಗಳು ಏಳುತ್ತವೆ. "ಅಂಗೇ ಮಾಡು ಮಗ, ನಾನ್ ಮೆಟ್ಲು ಮೇಲೆ ಕೂತ್ಕತೀನಿ, ನಂಗೆ ಅಬ್ಯಾಸ ಐತೆ" ಅಂದೆ.

ಚೈತ್ರ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಲ್ಲಿದೆ. "ಕೂತ್ಕೋ" ಅಂದಳು.

"ಎಂಟೇ ದಿನ ಕಣ್ ಮಗ..."

"ಅಜ್ಜೀ, ಕೂತ್ಕೋ ಅಂದೆ. ಒಂದ್ನೇ ನಂಬರ್ ಸೀಟಿಗೆ ಸಾಕಮ್ಮ ಅಂತ ಬರ್ದೈತೆ. ಮೂರ್ನೇ ಕ್ಲಾಸ್ ಓದಿದೀಯಲ್ಲ, ನಿನ್ನೆಸ್ರು ಓದಕ್ ಬರಲ್ವಾ?"

ಆಮೇಲೆ ಗಾಡಿಯ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನೋಡಿ, ಒಂದೋ ಕಾಯಿ ಮೂಟೆ ಬತ್ತದೆ, ಇಲ್ಲ ಅಡುಗೆ ಪೆಟ್ಗೆ ಬತ್ತದೆ. ನಮ್ಮಜ್ಜಿ ಸೀಟು ಮುಟ್ಟಂಗಿಲ್ಲ. ಕಾಯಿ ಬಂದ್ರೆ ಎಂಟು ದಿನ ಇಟ್ಟಿಲ್ಲ, ಉಳಿ ಇಲ್ಲ, ಕಾಯಿ ಒಡ್ಕಂಡು ತಿನ್ನಿ. ಯಾರ್ಯಾರಿಗೆ ಇಟ್ಟು ಬ್ಯಾಡ, ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. ರತ್ನಕ್ಕ ತನ್ನ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. ಹಿಂದಿನ ಸೀಟಿನಿಂದ ಯಾರೋ, "ರತ್ನಕ್ಕ, ನಿಮ್ಮೆಜಮಾನ್ರು ಆ ಕಾಯ್ನ ಸಂತೇಲಿ ಮಾರ್ಲಿ ಬುಡಿ" ಅಂದರು. ಎಲ್ಲರೂ ನಕ್ಕರು. ಗಂಡ ಗೊಣಗುತ್ತಾ ಮೂಟೆಯನ್ನು ಬೈಕಿಗೆ ಬಿಗಿದ. ರತ್ನಕ್ಕ ಬಿಡಲಾರದೆ ಎರಡು ಕಾಯಿ ಎಳೆದುಕೊಂಡು ಮಡಿಲಲ್ಲಿಟ್ಟುಕೊಂಡು ಹತ್ತಿದಳು. ನನ್ನ ಪಕ್ಕದಲ್ಲೇ ಕೂತಳು. "ತಪ್ ತಿಳ್ಕಬ್ಯಾಡಿ ಅಜ್ಜಿ" ಅಂದಳು. ನಾನು ಅಷ್ಟು ಹೊತ್ತಿಗೆ ಬೆನ್ನು ಒರಗಿಸಿ ಕೂತಿದ್ದೆ. ಸೀಟು ಹಿಂದಕ್ಕೆ ಬಾಗುತ್ತದೆ ಅಂತ ಆಗ ಗೊತ್ತಾಯಿತು. ಒಂದು ಸಲ ಬಾಗಿಸಿದೆ, ನೆಟ್ಟಗೆ ಮಾಡಿದೆ, ಮತ್ತೆ ಬಾಗಿಸಿದೆ. ಹಿಂದಿನವರು ಬೈದರು. ಪ್ಯಾಸೆಂಜರ್ ಆದ ಮೇಲೆ ನಾನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಂಚಿಯಲ್ಲಿ ಛತ್ರದ ಹಿತ್ತಲಿನಲ್ಲಿ ಗಾಡಿ ನಿಂತಿತು. ಜನ ದೇವಸ್ಥಾನದ ಕಡೆ ಹೊರಟರು. ನನಗೇ ತಿಳಿಯದೆ ನಾನು ಹಿತ್ತಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಬದನೆಕಾಯಿ ಹೆಚ್ಚುತ್ತಿದ್ದೆ. ಚೈತ್ರ ಬಂದು ಚಾಕು ಕಿತ್ತುಕೊಂಡಳು. ತೊಟ್ಟಿಯ ಹತ್ತಿರ ಎಳೆದುಕೊಂಡು ಹೋಗಿ ನನ್ನ ಕೈ ತೊಳೆಸಿದಳು, ಚಿಕ್ಕವಳಿದ್ದಾಗ ನಾನು ಅವಳ ಕೈ ತೊಳೆಸುತ್ತಿದ್ದ ಹಾಗೆ. "ಓಗು" ಅಂದಳು.

ದೇವಸ್ಥಾನದ ಬಾಗಿಲಿನಲ್ಲಿ ಎಲ್ಲರ ಬ್ಯಾಗು ತೆಗೆಸಿ ನೋಡುತ್ತಿದ್ದರು. ನಮ್ಮವರು ಸಾಲಿನಲ್ಲಿ ನಿಂತು, ಕೈಚೀಲ ಬಿಚ್ಚಿ, ಒಳಗಿನದನ್ನೆಲ್ಲ ಹೊರಗಿಟ್ಟು, ಮತ್ತೆ ಒಳಗೆ ತುಂಬುತ್ತಿದ್ದರು. ನನ್ನ ಸರದಿ ಬಂತು. ಕಾವಲಿನವನು ಕೈ ಚಾಚಿ, "ಬ್ಯಾಗ್?" ಅಂದ.

ನಾನು ಎರಡೂ ಕೈ ಅಗಲಿಸಿ ತೋರಿಸಿದೆ. ಅವನು ನನ್ನ ಹಿಂದೆ ಬಗ್ಗಿ ನೋಡಿದ, ಯಾರಾದರೂ ಹೊತ್ತು ತರುತ್ತಿದ್ದಾರೋ ಅಂತ. ಯಾರೂ ಇರಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟ. ನಾನು ಒಳಗೆ ಹೋದೆ.